ಮನೆಯಂಗಳದಲ್ಲಿ ಎಂಜಿನ್ ಆಯಿಲ್ ಬದಲಾವಣೆ: ಹಕ್ಕಿನ ಜೊತೆಗೆ ಹೊಣೆಯೂ ಇರಲಿ

ಬೆಲೆಬಾಳುವ ಕಾರಿನ ಒಡೆಯನು ತನ್ನ ಕೈಗೆ ಮಸಿ ತಗುಲಿಸಿಕೊಳ್ಳುವುದಿಲ್ಲ ಎಂಬುದು ಭಾರತದ ಮಾರುಕಟ್ಟೆಯಲ್ಲಿ ಬೇರೂರಿರುವ ನಂಬಿಕೆ. ಕಾರು ದುಬಾರಿಯಾದಷ್ಟೂ ಅದರ ಕೀಲಿಕೈ ಅಧಿಕೃತ ಸೇವಾಕೇಂದ್ರದ ಸಿಬ್ಬಂದಿಯ ಕೈ ಸೇರುವುದೇ ಇಲ್ಲಿನ ವಾಡಿಕೆ. ಆದರೆ ಅಮೆರಿಕ, ಬ್ರಿಟನ್ ಮೊದಲಾದ ದೇಶಗಳಲ್ಲಿ ಇದಕ್ಕೆ ತೀರ ವಿರುದ್ಧವಾದ ದೃಶ್ಯವೂ ಸಾಮಾನ್ಯ. ರಜೆಯ ದಿನ ತನ್ನ ಮನೆಯ ಗ್ಯಾರೇಜಿನಲ್ಲಿ ಪೋರ್ಷೆ 911 ಅಥವಾ ಮಜ್ದಾ ಎಂಎಕ್ಸ್-5 ಕಾರಿನ ಅಡಿಯಲ್ಲಿ ಅಂಗಾತ ಮಲಗಿ ಎಂಜಿನ್ ಆಯಿಲ್ ಬದಲಿಸುವ ವೈದ್ಯ, ವಕೀಲ, ಉಪಾಧ್ಯಾಯರು ಅಲ್ಲಿ ಧಾರಾಳವಾಗಿ ಕಾಣಸಿಗುತ್ತಾರೆ. ಹಣ ಉಳಿಸುವುದೊಂದೇ ಅವರ ಉದ್ದೇಶವಲ್ಲ. ತಾನು ಕೊಂಡ ಯಂತ್ರವನ್ನು ತಾನೇ ಬಲ್ಲೆನೆಂಬ ಸಮಾಧಾನವೂ ಅದರಲ್ಲಿದೆ.

ವಾಣಿಜ್ಯದ ದೃಷ್ಟಿಯಿಂದ ಈ ಹವ್ಯಾಸವನ್ನು ಗಮನಿಸಬೇಕಾದ ಕಾರಣವೇ ಬೇರೆ. ಒಡೆಯನು ಮನೆಯಲ್ಲೇ ಆಯಿಲ್ ಬದಲಿಸಲು ಸಾಧ್ಯವಾಗಿರುವ ಕಡೆಯಲ್ಲೆಲ್ಲ ಸ್ವತಂತ್ರ ಬಿಡಿಭಾಗ ವ್ಯಾಪಾರಿಯೂ ಕಿರು ಉತ್ಪಾದಕನೂ ಬದುಕಿದ್ದಾರೆ. ಅದು ಅಸಾಧ್ಯವಾದ ಕಡೆ ಇಡೀ ವಹಿವಾಟು ಕಾರು ತಯಾರಕರ ಮತ್ತು ಅವರ ಅಧಿಕೃತ ಮಾರಾಟಗಾರರ ಕೈಯಲ್ಲೇ ಉಳಿದಿದೆ. ಹೀಗಾಗಿ ಮೇಲ್ನೋಟಕ್ಕೆ ಶ್ರೀಮಂತರ ಹವ್ಯಾಸದಂತೆ ಕಾಣುವ ಈ ವಿಷಯ ವಾಸ್ತವದಲ್ಲಿ ಸಣ್ಣ ವರ್ತಕರ ಅಳಿವು ಉಳಿವಿನ ಪ್ರಶ್ನೆಯಾಗಿದೆ.

ಕೆಲಸದ ಸ್ವರೂಪ

ಕ್ರೀಡಾ ಕಾರಿನ ಆಯಿಲ್ ಬದಲಾವಣೆಯು ತತ್ತ್ವದಲ್ಲಿ ಸಾಮಾನ್ಯ ಕಾರಿನದಕ್ಕಿಂತ ಭಿನ್ನವಲ್ಲ. ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗಾಗಿಸಬೇಕು. ಬೆಚ್ಚಗಿನ ಆಯಿಲ್ ತೆಳುವಾಗಿ ಹರಿದು ಕೊಳೆಯನ್ನೂ ತನ್ನೊಡನೆ ಹೊರತರುತ್ತದೆ. ಬಳಿಕ ಎಂಜಿನ್ ನಿಲ್ಲಿಸಿ, ಕಾರನ್ನು ಸಮತಟ್ಟಾದ ನೆಲದಲ್ಲಿ ಎತ್ತಿ ನಿಲ್ಲಿಸಿ, ತಳದ ಡ್ರೈನ್ ಪ್ಲಗ್ ಬಿಚ್ಚಿ ಹಳೆಯ ಆಯಿಲನ್ನು ತಟ್ಟೆಗೆ ಇಳಿಸಬೇಕು. ಫಿಲ್ಟರ್ ಬದಲಿಸಿ, ಹೊಸ ವಾಷರ್ ಹಾಕಿ ಪ್ಲಗ್ಗನ್ನು ನಿಗದಿತ ಬಿಗಿತಕ್ಕೆ ತಿರುಗಿಸಿ, ತಯಾರಕರ ಕೈಪಿಡಿ ಹೇಳಿದ ದರ್ಜೆಯ ಆಯಿಲನ್ನು ಹೇಳಿದ ಪ್ರಮಾಣದಲ್ಲಿ ತುಂಬಬೇಕು.

ಕಷ್ಟವಿರುವುದು ವಿವರಗಳಲ್ಲಿ. ಕ್ರೀಡಾ ಕಾರು ನೆಲಕ್ಕೆ ಅಂಟಿಕೊಂಡಂತಿರುತ್ತದೆ. ಸಾಧಾರಣ ಜಾಕ್ ಅದರ ಅಡಿಗೆ ನುಸುಳುವುದೇ ಇಲ್ಲ. 1989ರಲ್ಲಿ ಷಿಕಾಗೊ ಮೋಟಾರು ಪ್ರದರ್ಶನದಲ್ಲಿ ಅನಾವರಣಗೊಂಡ ಮಜ್ದಾ ಎಂಎಕ್ಸ್-5 ಇವುಗಳಲ್ಲೆಲ್ಲ ಸರಳವಾದುದು. ಅದಕ್ಕೆ ಬೇಕಾದ ಆಯಿಲ್ ನಾಲ್ಕು ಲೀಟರಿನ ಆಸುಪಾಸು. ಆದರೂ ಅದರ ಮೊದಲ ತಲೆಮಾರಿನ ಕಾರುಗಳಲ್ಲಿ ಫಿಲ್ಟರ್ ಎಂಜಿನ್ನಿನ ಪಕ್ಕದಲ್ಲಿ, ಗಾಳಿ ಒಳಸೇರುವ ಕೊಳವೆಗಳ ಕೆಳಗೆ ಅಡಗಿ ಕುಳಿತಿದೆ. ಅದನ್ನು ಬಿಚ್ಚುವವನ ಮೊಣಕೈವರೆಗೂ ಆಯಿಲ್ ಇಳಿಯದೆ ಕೆಲಸ ಮುಗಿಯುವುದು ವಿರಳ.

ಪೋರ್ಷೆ 911ರ ವಿಷಯ ಇನ್ನಷ್ಟು ಜಟಿಲ. ವೇಗವಾಗಿ ತಿರುವು ತೆಗೆದುಕೊಳ್ಳುವಾಗ ಎಂಜಿನ್ ತಳದ ಆಯಿಲ್ ಒಂದು ಬದಿಗೆ ಸರಿದು, ಪಂಪು ಆಯಿಲಿನ ಬದಲು ಗಾಳಿಯನ್ನು ಹೀರಿಕೊಳ್ಳುವ ಅಪಾಯವಿದೆ. ಅದನ್ನು ತಪ್ಪಿಸಲು ಗಾಳಿಯಿಂದ ತಣಿಯುವ ಹಳೆಯ 911 ಕಾರುಗಳಲ್ಲಿ ಆಯಿಲನ್ನು ಎಂಜಿನ್ನಿನ ತಳದಲ್ಲಿಡದೆ ಪ್ರತ್ಯೇಕ ಟ್ಯಾಂಕಿನಲ್ಲಿಡುವ 'ಡ್ರೈ ಸಂಪ್' ವ್ಯವಸ್ಥೆಯನ್ನು ಅಳವಡಿಸಲಾಯಿತು. ಆದುದರಿಂದ ಟ್ಯಾಂಕಿನಿಂದಲೂ ಎಂಜಿನ್ನಿನಿಂದಲೂ ಆಯಿಲ್ ಇಳಿಸಬೇಕು. ಬದಲಿಸಬೇಕಾದ ಪ್ರಮಾಣ ಒಂಬತ್ತು ಹತ್ತು ಲೀಟರಿನ ಆಸುಪಾಸಿಗೆ ಏರುತ್ತದೆ. ಮಟ್ಟವನ್ನು ನೋಡುವ ರೀತಿಯೂ ವಿಭಿನ್ನ: ಸಾಮಾನ್ಯ ಕಾರಿನಲ್ಲಿ ಎಂಜಿನ್ ನಿಲ್ಲಿಸಿ ಕಡ್ಡಿಯಿಂದ ನೋಡಿದರೆ, ಈ ಕಾರುಗಳಲ್ಲಿ ಎಂಜಿನ್ ಚೆನ್ನಾಗಿ ಬಿಸಿಯಾಗಿ ಓಡುತ್ತಿರುವಾಗಲೇ ನೋಡಬೇಕು. ಈ ಸಂಗತಿ ಅರಿಯದವನು ತಣ್ಣಗಿನ ಎಂಜಿನ್ನಿನ ಕಡ್ಡಿಯನ್ನು ನೋಡಿ, ಆಯಿಲ್ ಸಾಲದೆಂದು ಇನ್ನೆರಡು ಲೀಟರ್ ಸುರಿದುಬಿಡುತ್ತಾನೆ. ಹೆಚ್ಚಾದ ಆಯಿಲ್ ಗಾಳಿಯ ಮಾರ್ಗಕ್ಕೆ ನುಗ್ಗಿ ಕಾರು ಹೊಗೆಯುಗುಳತೊಡಗುತ್ತದೆ.

ಇದೇ ಕಾರಿನ ಇತಿಹಾಸದಲ್ಲಿ ಬೋಧಪ್ರದವಾದ ಪ್ರಸಂಗವೊಂದಿದೆ. 1972ರ ಮಾದರಿಯಲ್ಲಿ ಆಯಿಲ್ ಟ್ಯಾಂಕನ್ನು ಹಿಂಬದಿಯ ಬಲಚಕ್ರದ ಮುಂದಕ್ಕೆ ಸರಿಸಿ, ಆಯಿಲ್ ತುಂಬಲು ಕಾರಿನ ಹೊರಮೈಯಲ್ಲೇ ಚಿಕ್ಕ ಮುಚ್ಚಳವನ್ನಿಡಲಾಯಿತು. ಪೆಟ್ರೋಲ್ ಬಂಕಿನ ಕೆಲಸಗಾರರು ಅದನ್ನು ಇಂಧನದ ಮುಚ್ಚಳವೆಂದೇ ತಿಳಿದು ಅದರೊಳಗೆ ಪೆಟ್ರೋಲ್ ಹಾಕಿದ ಪ್ರಸಂಗಗಳು ನಡೆದವು. ಮರುವರ್ಷದ ಮಾದರಿಯಿಂದ ಆ ಮುಚ್ಚಳವೇ ಮಾಯವಾಯಿತು. ಬಂಕಿನ ಕೆಲಸಗಾರರ ಕೈ ಒರಟಾಗಿತ್ತೆಂಬುದು ಈ ತಪ್ಪಿನ ಕಾರಣವಲ್ಲ. ಬೇಕಾದ ಮಾಹಿತಿ ಅವರಿಗೆ ತಲುಪಿರಲಿಲ್ಲ. ಮಾಹಿತಿ ತಲುಪಿದಾಗ ಹವ್ಯಾಸಿಯೂ ಈ ಕೆಲಸವನ್ನು ಸರಿಯಾಗಿ ಮಾಡಬಲ್ಲನು. ತಲುಪದಿದ್ದಾಗ ವೃತ್ತಿನಿರತನೂ ತಪ್ಪುತ್ತಾನೆ.

ಒಂದು ಡಬ್ಬಿಯ ಸುತ್ತಲಿನ ವ್ಯಾಪಾರ

ಮನೆಯಲ್ಲಿ ಆಯಿಲ್ ಬದಲಿಸುವ ಒಬ್ಬ ಒಡೆಯನು ಏನೇನು ಕೊಳ್ಳುತ್ತಾನೆಂಬುದನ್ನು ಪಟ್ಟಿ ಮಾಡಿದರೆ ಇದರ ವಾಣಿಜ್ಯ ಸ್ವರೂಪ ಸ್ಪಷ್ಟವಾಗುತ್ತದೆ. ಆಯಿಲ್ ಮತ್ತು ಫಿಲ್ಟರ್ ಸರಿಯೇ. ಅವುಗಳೊಡನೆ ಅಲ್ಯೂಮಿನಿಯಂ ಅಥವಾ ತಾಮ್ರದ ವಾಷರ್, ಫಿಲ್ಟರ್ ಬಿಚ್ಚುವ ಉಪಕರಣ, ಟಾರ್ಕ್ ರೆಂಚ್, ತಗ್ಗಾದ ಜಾಕ್, ಜಾಕ್ ಸ್ಟ್ಯಾಂಡ್, ಚಕ್ರ ಹತ್ತಿಸುವ ಇಳಿಜಾರು ದಿಮ್ಮಿ, ಹಳೆಯ ಆಯಿಲ್ ಹಿಡಿಯುವ ತಟ್ಟೆ, ಉದ್ದನೆಯ ಆಲಿಕೆ, ಕೈಗವಸು, ಒರೆಸುವ ಬಟ್ಟೆ ಇವೆಲ್ಲವೂ ಬೇಕು. ಇವುಗಳಲ್ಲಿ ಬಹುಪಾಲು ವಸ್ತುಗಳು ಭಾರೀ ಬಂಡವಾಳ ಬೇಡುವಂಥವಲ್ಲ. ಕಿರು ಕಾರ್ಖಾನೆಯೊಂದು ಶ್ರದ್ಧೆಯಿಂದ ತಯಾರಿಸಬಹುದಾದವು. ಒಂದೊಂದು ಮಾದರಿಯ ಕಾರಿಗೆ ಬೇಕಾದಷ್ಟೇ ಆಯಿಲ್, ಅದಕ್ಕೊಪ್ಪುವ ಫಿಲ್ಟರ್ ಮತ್ತು ವಾಷರುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿ ಮಾರುವ ಪದ್ಧತಿ ಅಮೆರಿಕದಲ್ಲಿ ರೂಢಿಯಲ್ಲಿದೆ. ಅಲ್ಲಿ ವ್ಯಾಪಾರಿಯು ವಸ್ತುವಿನ ಜೊತೆಗೆ ಖಚಿತತೆಯನ್ನೂ ಮಾರುತ್ತಾನೆ.

ಈ ಖಚಿತತೆಗೆ ಆಧಾರ ಬಹಿರಂಗವಾಗಿರುವ ಮಾನದಂಡಗಳು. ಡಬ್ಬಿಯ ಮೇಲಿನ '5ಡಬ್ಲ್ಯು-30' ಎಂಬ ಗುರುತು ಆಯಿಲಿನ ಸ್ನಿಗ್ಧತೆಯನ್ನು ಸೂಚಿಸುತ್ತದೆ: ಮೊದಲ ಅಂಕಿ ಚಳಿಯಲ್ಲಿನ ಹರಿವನ್ನೂ ಎರಡನೆಯದು ಬಿಸಿಯಲ್ಲಿನ ಗಾಢತೆಯನ್ನೂ ಹೇಳುತ್ತದೆ. ಇದು ಎಸ್‌ಎಇ ಸಂಸ್ಥೆಯ ವರ್ಗೀಕರಣ. ಗುಣಮಟ್ಟಕ್ಕೆ ಅಮೆರಿಕದ ಎಪಿಐ, ಯುರೋಪಿನ ಎಸಿಇಎ ಸಂಸ್ಥೆಗಳ ದರ್ಜೆಗಳಿವೆ. ಪೋರ್ಷೆಯಂತಹ ತಯಾರಕರು 'ಎ40', 'ಸಿ30' ಎಂಬ ತಮ್ಮದೇ ಅನುಮೋದನೆಗಳನ್ನೂ ನೀಡುತ್ತಾರೆ. ಈ ಅಕ್ಷರಗಳನ್ನು ಓದಬಲ್ಲ ಅಂಗಡಿಯವನು ಯಾವ ಅಧಿಕೃತ ಸೇವಾಕೇಂದ್ರಕ್ಕೂ ಕಡಿಮೆಯಲ್ಲದ ಸಲಹೆಯನ್ನು ಗ್ರಾಹಕನಿಗೆ ನೀಡಬಲ್ಲನು.

ಕಾನೂನು ತೆರೆದ ಬಾಗಿಲು

ಇಂತಹ ಮಾರುಕಟ್ಟೆ ತಾನಾಗಿ ಬೆಳೆದದ್ದಲ್ಲ. ಕಾನೂನಿನ ಆಸರೆ ಅದಕ್ಕಿದೆ. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯಿದೆಯ ಪ್ರಕಾರ, ತನ್ನ ಹೆಸರಿನ ಬಿಡಿಭಾಗವನ್ನೇ ಅಥವಾ ತನ್ನ ಸೇವೆಯನ್ನೇ ಹಣ ಕೊಟ್ಟು ಪಡೆದರಷ್ಟೇ ವಾರಂಟಿ ಉಳಿಯುತ್ತದೆಂದು ತಯಾರಕನು ಷರತ್ತು ಹಾಕುವಂತಿಲ್ಲ. ಹಾಗೆ ಮಾಡಲು ಫೆಡರಲ್ ಟ್ರೇಡ್ ಕಮಿಷನ್ನಿನಿಂದ ವಿಶೇಷ ವಿನಾಯಿತಿ ಬೇಕು. ಕೈಪಿಡಿಯಂತೆ ಸರಿಯಾದ ಆಯಿಲ್ ಹಾಕಿ, ಖರೀದಿಯ ರಸೀದಿಯನ್ನೂ ದಿನಾಂಕವನ್ನೂ ಓಡಿದ ಮೈಲಿಯನ್ನೂ ದಾಖಲಿಸಿಟ್ಟುಕೊಂಡ ಒಡೆಯನಿಗೆ ವಾರಂಟಿಯ ಭಯವಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ದುರಸ್ತಿಯ ಹಕ್ಕಿನ ಪ್ರಸ್ತಾವವನ್ನು ಭಾರೀ ಬಹುಮತದಿಂದ ಅಂಗೀಕರಿಸಿದರು. ಯುರೋಪಿನ ಒಕ್ಕೂಟವು 2010ರಲ್ಲಿ ಹೊರಡಿಸಿದ ಮೋಟಾರು ವಾಹನ ನಿಯಮಗಳೂ ಸ್ವತಂತ್ರ ದುರಸ್ತಿದಾರರ ಪೈಪೋಟಿಯನ್ನು ಕಾಪಾಡುವ ಉದ್ದೇಶದವು.

ಭಾರತವೂ ಈ ವಿಷಯದಲ್ಲಿ ಹಿಂದುಳಿದಿಲ್ಲ ಎಂಬುದು ಅನೇಕ ವರ್ತಕರಿಗೆ ತಿಳಿಯದ ಸಂಗತಿ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ತಯಾರಕರ ವಿರುದ್ಧ ನೀಡಿದ ಆದೇಶದಲ್ಲಿ, ಬಿಡಿಭಾಗಗಳನ್ನೂ ತಪಾಸಣಾ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ದೊರಕದಂತೆ ಮಾಡಿದ ನಡವಳಿಕೆಯನ್ನು ಖಂಡಿಸಿ, ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಆ ದಂಡದ ವಿರುದ್ಧ ಮೇಲ್ಮನವಿಗಳು ನಡೆದವು. ಆದರೆ ಆದೇಶದಲ್ಲಿದ್ದ ತತ್ತ್ವ ಗಮನಾರ್ಹವಾದುದು: ಸ್ವತಂತ್ರ ದುರಸ್ತಿದಾರನ ಸೇವೆ ಪಡೆದ ಮಾತ್ರಕ್ಕೆ ವಾರಂಟಿ ರದ್ದೆಂಬ ಸಾರಾಸಗಟು ಷರತ್ತು ಸಲ್ಲದು, ಹೊರಗಿನ ದೋಷಪೂರ್ಣ ಕೆಲಸದಿಂದ ಹಾನಿಯಾಗಿದ್ದರೆ ಆ ಹಾನಿಯ ಮಟ್ಟಿಗೆ ಮಾತ್ರ ವಾರಂಟಿಯನ್ನು ನಿರಾಕರಿಸಬಹುದು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿ ಹಕ್ಕಿನ ಜಾಲತಾಣವನ್ನು ಆರಂಭಿಸಿತು. ಅದರ ವ್ಯಾಪ್ತಿಗೆ ತಂದ ನಾಲ್ಕು ಕ್ಷೇತ್ರಗಳಲ್ಲಿ ವಾಹನಗಳೂ ಸೇರಿವೆ.

ಆದರೂ ಬಾಗಿಲು ಮತ್ತೊಂದು ದಿಕ್ಕಿನಿಂದ ಮುಚ್ಚಿಕೊಳ್ಳುತ್ತಿದೆ. 2004ರಲ್ಲಿ ಬಂದ 997 ತಲೆಮಾರಿನ ಪೋರ್ಷೆ 911ರಲ್ಲಿ ಆಯಿಲ್ ನೋಡುವ ಕಡ್ಡಿಯನ್ನೇ ಕೈಬಿಡಲಾಯಿತು. ಮಟ್ಟವನ್ನು ಚಾಲಕನ ಮುಂದಿನ ಪರದೆಯೇ ಹೇಳುತ್ತದೆ. ಸೇವೆಯ ಅವಧಿ ನೆನಪಿಸುವ ಸೂಚನೆಯನ್ನು ಅಳಿಸಲು ಕೆಲವು ಕಾರುಗಳಿಗೆ ಪ್ರತ್ಯೇಕ ತಪಾಸಣಾ ಉಪಕರಣ ಬೇಕು. ಸ್ಪ್ಯಾನರ್ ಬಲ್ಲ ಕೈಗೆ ಸಂಕೇತಪದವೂ ಬೇಕಾಗುವ ಕಾಲದಲ್ಲಿ, ಮಾಹಿತಿಯನ್ನು ಬಹಿರಂಗಪಡಿಸಬೇಕೆಂಬ ಬೇಡಿಕೆ ವರ್ತಕ ಸಂಘಟನೆಗಳಿಂದಲೇ ಏಳಬೇಕಾಗಿದೆ.

ಹಳೆಯ ಆಯಿಲ್ ಎಲ್ಲಿಗೆ ಹೋಗುತ್ತದೆ?

ಹಕ್ಕಿನ ಮಾತು ಇಷ್ಟಾದ ಮೇಲೆ ಹೊಣೆಯ ಮಾತು ಬರುತ್ತದೆ. ಬೇಡಿಕೆ ಮಂಡಿಸುವ ವರ್ತಕ ಸಮುದಾಯ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇಲ್ಲಿದೆ: ತಟ್ಟೆಗೆ ಇಳಿದ ಹತ್ತು ಲೀಟರ್ ಕಪ್ಪು ಆಯಿಲ್ ಮುಂದೆ ಎಲ್ಲಿಗೆ ಹೋಗಬೇಕು?

ಒಂದು ಬಾರಿಯ ಬದಲಾವಣೆಯಲ್ಲಿ ಹೊರಬರುವ ಆಯಿಲ್ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್, ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ಅದೇ ಸಂಸ್ಥೆಯ ಇನ್ನೊಂದು ಲೆಕ್ಕ ವ್ಯಾಪಾರಿಗೆ ಹೆಚ್ಚು ರುಚಿಸುವಂಥದು. ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್, ಹಳೆಯ ಆಯಿಲನ್ನು ಶುದ್ಧೀಕರಿಸಿದರೆ ಸುಮಾರು 2.4 ಲೀಟರ್ ಹೊಸ ಎಂಜಿನ್ ಆಯಿಲ್ ದೊರೆಯುತ್ತದೆ. ಅಷ್ಟನ್ನೇ ನೆಲದಿಂದ ತೆಗೆದ ಕಚ್ಚಾತೈಲದಿಂದ ಪಡೆಯಲು 42 ಗ್ಯಾಲನ್, ಎಂದರೆ ಒಂದು ಇಡೀ ಬ್ಯಾರೆಲ್ ಬೇಕು. ಆಯಿಲ್ ಸವೆಯುವುದಿಲ್ಲ, ಕೊಳೆಯಾಗುತ್ತದೆ. ಹಾಗಾಗಿ ಹಳೆಯ ಆಯಿಲ್ ಎಸೆಯುವ ಕಸವಲ್ಲ, ಕಚ್ಚಾ ಸಾಮಗ್ರಿ.

ಈ ಅರಿವಿನ ಮೇಲೆ ಕೆಲವು ದೇಶಗಳು ಅಂಗಡಿಯನ್ನೇ ಸಂಗ್ರಹ ಕೇಂದ್ರವನ್ನಾಗಿ ಮಾಡಿವೆ. ಪೋರ್ಷೆಯ ತವರಾದ ಜರ್ಮನಿಯಲ್ಲಿ ಹಳೆಯ ಆಯಿಲ್ ಕುರಿತ ನಿಯಮಾವಳಿಯು, ಗ್ರಾಹಕನಿಗೆ ಎಂಜಿನ್ ಆಯಿಲ್ ಮಾರುವವನು ತಾನು ಮಾರಿದಷ್ಟೇ ಪ್ರಮಾಣದ ಹಳೆಯ ಆಯಿಲನ್ನು ಉಚಿತವಾಗಿ ಹಿಂದಕ್ಕೆ ಪಡೆಯಬೇಕೆಂದು ವಿಧಿಸುತ್ತದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಆಯಿಲ್ ಮಾರುವ ಅಂಗಡಿಗಳು ಒಬ್ಬ ವ್ಯಕ್ತಿಯಿಂದ ದಿನಕ್ಕೆ ಐದು ಗ್ಯಾಲನ್‌ವರೆಗೆ ಹಳೆಯ ಆಯಿಲನ್ನು ಶುಲ್ಕವಿಲ್ಲದೆ ಸ್ವೀಕರಿಸಬೇಕು. ಕಾನೂನಿನ ಒತ್ತಾಯವಿಲ್ಲದ ರಾಜ್ಯಗಳಲ್ಲೂ ದೊಡ್ಡ ಬಿಡಿಭಾಗ ಮಳಿಗೆಗಳು ತಾವಾಗಿಯೇ ಹಳೆಯ ಆಯಿಲ್ ಪಡೆಯುತ್ತವೆ. ಅವರ ಲೆಕ್ಕ ಸರಳ: ಹಳೆಯ ಆಯಿಲ್ ತಂದ ಗ್ರಾಹಕನು ಬರಿಗೈಲಿ ಹಿಂದಿರುಗುವುದು ಕಡಿಮೆ.

ಕರ್ನಾಟಕದ ಪರಿಸ್ಥಿತಿ ಇದಕ್ಕಿಂತ ಭಿನ್ನ. ಇಲ್ಲಿ ಹಳೆಯ ಆಯಿಲಿಗೆ ಬೆಲೆಯುಂಟು, ಆದರೆ ಲೆಕ್ಕವಿಲ್ಲ. ಗ್ಯಾರೇಜಿನ ಮೂಲೆಯ ಡ್ರಮ್ಮಿನಿಂದ ಅದು ಗುಜರಿಯವನ ಕೈಗೆ ಹೋಗುತ್ತದೆ. ಕಟ್ಟಡ ಕಾಮಗಾರಿಯಲ್ಲಿ ಸೆಂಟ್ರಿಂಗ್ ಹಲಗೆಗಳಿಗೆ ಬಳಿಯಲಾಗುತ್ತದೆ. ಒಲೆ ಬಾಯ್ಲರುಗಳಲ್ಲಿ ಉರಿಯುತ್ತದೆ. ಉಳಿದದ್ದು ಚರಂಡಿ ಸೇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಬಳಸಿದ ಆಯಿಲ್ ಅಧಿಕೃತ ಮರುಬಳಕೆದಾರರಿಗೇ ಸಲ್ಲಬೇಕು. 2023ರಲ್ಲಿ ಈ ನಿಯಮಗಳಿಗೆ ತಂದ ತಿದ್ದುಪಡಿಯಿಂದ 2024ರ ಏಪ್ರಿಲ್ 1ರಿಂದ ಆಯಿಲ್ ಉತ್ಪಾದಕರ ಮತ್ತು ಆಮದುದಾರರ ಮೇಲೆ, ಮಾರಿದ ಆಯಿಲಿನ ನಿಗದಿತ ಪಾಲು ಮರುಬಳಕೆಯಾಗುವಂತೆ ನೋಡಿಕೊಳ್ಳುವ ವಿಸ್ತೃತ ಹೊಣೆ ಬಿದ್ದಿದೆ. ಅಂದರೆ ಹಳೆಯ ಆಯಿಲನ್ನು ಕ್ರಮಬದ್ಧವಾಗಿ ಕೂಡಿಸಿಕೊಡಬಲ್ಲವರು ದೊಡ್ಡ ಕಂಪನಿಗಳಿಗೆ ಇನ್ನು ಮುಂದೆ ಅಗತ್ಯ. ಆ ಸ್ಥಾನವನ್ನು ಬಿಡಿಭಾಗ ವರ್ತಕರು ತುಂಬದಿದ್ದರೆ ಬೇರೆ ಯಾರಾದರೂ ತುಂಬುತ್ತಾರೆ ಎಂಬುದರಲ್ಲಿ ಸಂಶಯವಿಲ್ಲ.

ಆಕ್ಷೇಪಗಳು

ಈ ವಾದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಇಲ್ಲಿ ಕೂಲಿ ಅಗ್ಗ, ಕ್ರೀಡಾ ಕಾರುಗಳು ವಿರಳ, ಬಹುಮಹಡಿ ವಸತಿಯ ನೆಲಮಾಳಿಗೆಯಲ್ಲಿ ಆಯಿಲ್ ಚೆಲ್ಲಲು ಯಾವ ನಿವಾಸಿಗಳ ಸಂಘವೂ ಒಪ್ಪದು ಎಂಬುದು ಮೊದಲನೆಯದು. ಇದು ನಿಜವೇ. ಆದರೆ ಇಲ್ಲಿನ ಪ್ರಶ್ನೆ ಎಷ್ಟು ಮಂದಿ ತಾವೇ ಆಯಿಲ್ ಬದಲಿಸುತ್ತಾರೆಂಬುದಲ್ಲ. ಒಡೆಯನಿಗೆ ಆ ಸ್ವಾತಂತ್ರ್ಯವಿದ್ದಾಗ ಮಾತ್ರ ಬೀದಿಯ ಸ್ವತಂತ್ರ ಗ್ಯಾರೇಜಿಗೂ ಅದು ಉಳಿಯುತ್ತದೆ. ಮನೆಯಲ್ಲಿ ಹಾಕಬಹುದಾದ ಫಿಲ್ಟರನ್ನೇ ಗ್ಯಾರೇಜಿನವನೂ ಹಾಕುತ್ತಾನೆ. ಎರಡಕ್ಕೂ ಅಂಗಡಿ ಒಂದೇ.

ಎರಡನೆಯ ಆಕ್ಷೇಪ ಸುರಕ್ಷತೆಯದು. ಇದನ್ನು ಲಘುವಾಗಿ ಕಾಣುವಂತಿಲ್ಲ. ಬರಿಯ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಹೋಗುವುದು ಪ್ರಾಣಕ್ಕೆ ಎರವಾಗುವ ಸಾಹಸ. ಗಟ್ಟಿ ಸ್ಟ್ಯಾಂಡುಗಳಿಲ್ಲದೆ, ಗಟ್ಟಿ ನೆಲವಿಲ್ಲದೆ, ತಯಾರಕರು ಗುರುತಿಸಿದ ಜಾಗದಲ್ಲಲ್ಲದೆ ಕಾರನ್ನು ಎತ್ತಬಾರದು. ಅಲ್ಯೂಮಿನಿಯಂ ತಳದಲ್ಲಿ ಪ್ಲಗ್ಗನ್ನು ಅತಿಯಾಗಿ ಬಿಗಿದರೆ ಎಳೆಗಳೇ ಕಿತ್ತುಬಂದು, ಉಳಿಸಿದ ಹಣಕ್ಕಿಂತ ಎಷ್ಟೋ ಪಟ್ಟು ವೆಚ್ಚವಾಗುತ್ತದೆ. ಆದರೆ ಇದಕ್ಕೆ ಮದ್ದು ನಿಷೇಧವಲ್ಲ. ಗುಣಮಟ್ಟದ ಉಪಕರಣ ಮತ್ತು ಓದಬಲ್ಲ ಭಾಷೆಯ ಸೂಚನೆ. ಭಾರ ತಾಳದ ಸ್ಟ್ಯಾಂಡನ್ನು ಅಗ್ಗಕ್ಕೆ ಮಾರುವ ಉತ್ಪಾದಕನು ಇಡೀ ವೃತ್ತಿಗೇ ಕಳಂಕ ತರುತ್ತಾನೆ.

ಮೂರನೆಯದು ನಕಲಿ ಆಯಿಲಿನ ಆಕ್ಷೇಪ. ಹೆಸರಾಂತ ಕಂಪನಿಯ ಖಾಲಿ ಡಬ್ಬಿಗೆ ಕಳಪೆ ಆಯಿಲ್ ತುಂಬಿ ಮಾರುವ ದಂಧೆ ಇರುವವರೆಗೆ ಗ್ರಾಹಕನು ಅಧಿಕೃತ ಕೇಂದ್ರವನ್ನೇ ನಂಬುತ್ತಾನೆ, ನಂಬುವುದು ಸಹಜವೂ ಹೌದು. ಈ ದೋಷವನ್ನು ವರ್ತಕರೇ ತಿದ್ದಿಕೊಳ್ಳದೆ ತಯಾರಕರ ಏಕಸ್ವಾಮ್ಯವನ್ನು ದೂಷಿಸುವುದು ನ್ಯಾಯವಾಗದು.

ವರ್ತಕರು ಕೈಗೊಳ್ಳಬಹುದಾದ ಕ್ರಮಗಳು

ಸರ್ಕಾರದ ಆದೇಶಕ್ಕಾಗಿ ಕಾಯದೆ ಆರಂಭಿಸಬಹುದಾದ ಕೆಲಸಗಳು ಹಲವು. ಮೊದಲನೆಯದಾಗಿ, ಎಂಜಿನ್ ಆಯಿಲ್ ಮಾರುವ ಪ್ರತಿ ಅಂಗಡಿಯ ಬಿಲ್ಲಿನಲ್ಲಿ ಆಯಿಲಿನ ದರ್ಜೆ, ಅನುಮೋದನೆ ಮತ್ತು ಬ್ಯಾಚ್ ಸಂಖ್ಯೆ ನಮೂದಾಗಬೇಕು. ಈ ಒಂದು ಬಿಲ್ಲು ವಾರಂಟಿಯ ವಿವಾದದಲ್ಲಿ ಗ್ರಾಹಕನಿಗೆ ಸಾಕ್ಷ್ಯವಾಗುತ್ತದೆ, ನಕಲಿಯ ವಿರುದ್ಧ ವ್ಯಾಪಾರಿಗೆ ರಕ್ಷಣೆಯೂ ಆಗುತ್ತದೆ. ಎರಡನೆಯದಾಗಿ, ಖಾಲಿ ಡಬ್ಬಿಗಳನ್ನು ತೂತುಮಾಡದೆ ಗುಜರಿಗೆ ಕೊಡಬಾರದು. ನಕಲಿ ದಂಧೆಯ ಕಚ್ಚಾ ಸಾಮಗ್ರಿ ಅದೇ ಅಲ್ಲವೇ?

ಮೂರನೆಯದು, ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ಹಳೆಯ ಆಯಿಲ್ ಹಿಂದಕ್ಕೆ ಪಡೆಯುವ ವ್ಯವಸ್ಥೆ. ಒಂದೊಂದು ಅಂಗಡಿಗೆ ಬರುವ ಪ್ರಮಾಣ ಅಲ್ಪವಾದುದರಿಂದ ಮರುಬಳಕೆದಾರನ ವಾಹನ ಅಷ್ಟಕ್ಕಾಗಿ ಬರಲಾರದು. ಆದರೆ ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಬೀದಿಯಲ್ಲಿ ವರ್ತಕರು ಒಟ್ಟುಗೂಡಿ, ಮಾಲಿನ್ಯ ನಿಯಂತ್ರಣ ಮಂಡಳಿಯ ನಿಯಮಗಳಿಗೆ ಒಳಪಟ್ಟ ಒಂದು ಸಾಮೂಹಿಕ ಸಂಗ್ರಹ ಕೇಂದ್ರವನ್ನು ತೆರೆದರೆ ಲೆಕ್ಕ ಬದಲಾಗುತ್ತದೆ. ಪೆಟ್ರೋಲ್, ಬ್ರೇಕ್ ಆಯಿಲ್, ರೇಡಿಯೇಟರ್ ನೀರು ಬೆರೆತ ಆಯಿಲ್ ಮರುಬಳಕೆಗೆ ಬಾರದಾದ್ದರಿಂದ ಬೇರೆ ಬೇರೆ ಡ್ರಮ್ಮುಗಳೂ, ಬಂದದ್ದು ಹೋದದ್ದನ್ನು ದಾಖಲಿಸುವ ಒಂದು ಪುಸ್ತಕವೂ ಅಗತ್ಯ. ನಾಲ್ಕನೆಯದಾಗಿ, ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಕಿರು ಉತ್ಪಾದಕರು ವಾಷರ್, ಚೆಲ್ಲದ ಮುಚ್ಚಳವುಳ್ಳ ತಟ್ಟೆ, ಫಿಲ್ಟರ್ ಬಿಚ್ಚುವ ಉಪಕರಣ ಮೊದಲಾದವನ್ನು ಅಳತೆ ಮತ್ತು ಸಾಮರ್ಥ್ಯವನ್ನು ಸ್ಪಷ್ಟವಾಗಿ ಅಚ್ಚೊತ್ತಿ, ಕನ್ನಡದ ಸೂಚನೆಯೊಡನೆ ಹೊರತರಬಹುದು.

ತಯಾರಕರಿಂದ ಮಾಹಿತಿ ಕೇಳುವ ಹಕ್ಕು ವರ್ತಕ ಸಮುದಾಯಕ್ಕಿದೆ. 2014ರ ಆದೇಶ ಅದನ್ನು ಎತ್ತಿಹಿಡಿದಿದೆ. ಆದರೆ ತನ್ನ ಅಂಗಡಿಯಿಂದ ಹೊರಟ ಆಯಿಲ್ ಕೊನೆಗೆ ಯಾವ ಚರಂಡಿ ಸೇರಿತೆಂದು ಹೇಳಲಾರದವನ ಬೇಡಿಕೆಗೆ ತೂಕವಿರುವುದಿಲ್ಲ. 'ಸ್ವತಂತ್ರ ವ್ಯಾಪಾರವೆಂದರೆ ಹೊಣೆಯಿಲ್ಲದ ವ್ಯಾಪಾರ' ಎಂಬ ದೂರನ್ನು ದೊಡ್ಡ ಕಂಪನಿಗಳು ಸದಾ ಮುಂದಿಡುತ್ತವೆ. ಮಾರಿದ ಡಬ್ಬಿಗೆ ಬಿಲ್ಲನ್ನೂ, ಬಂದ ಹಳೆಯ ಆಯಿಲಿಗೆ ಲೆಕ್ಕವನ್ನೂ ಇಟ್ಟ ಅಂಗಡಿಯ ಮುಂದೆ ಆ ದೂರು ನಿಲ್ಲಲಾರದು. ಅಂತಹ ಅಂಗಡಿಗಳ ಸಂಖ್ಯೆ ಹೆಚ್ಚಿದಷ್ಟೂ ದುರಸ್ತಿಯ ಹಕ್ಕಿಗೆ ಈ ನಾಡಿನಲ್ಲಿ ನೆಲೆ ಗಟ್ಟಿಯಾಗುತ್ತದೆ.